ಗಾಳಿಗೆ ನಲವತ್ತೆರಡು ಬೈಗುಳ

"'ಮೂದೇವಿ' ತೆಗೆದಿದ್ದೇವೆ. 'ಶನಿ'ಯನ್ನೂ ತೆಗೆದಿದ್ದೇವೆ, ಅದು ದೇವರ ಹೆಸರು. 'ಹೊಟ್ಟೆಬಾಕ' ಇರಲಿ ಅಂತ ಸಮಿತಿಯಲ್ಲಿ ಇಬ್ಬರು ಹೇಳಿದರು, ಆದರೆ ಊಟದ ವಿಷಯದಲ್ಲಿ ಮಕ್ಕಳಿಗೆ ತಪ್ಪು ಸಂದೇಶ ಹೋಗುತ್ತದೆ ಅಂತ ಅದನ್ನೂ ಕೈಬಿಟ್ಟೆವು," ಎಂದರು ವಾಗೀಶ ಸರ್.

ಹಡಗು ಕಟ್ಟುವ ಧಕ್ಕೆಯ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ಸಂಕಮ್ಮಕ್ಕ ಎಲೆಯಡಿಕೆಯನ್ನು ಎಡದವಡೆಯಿಂದ ಬಲದವಡೆಗೆ ದಾಟಿಸಿ, "ಹಾಗಾದ್ರೆ ಉಳಿದದ್ದು ಎಂತ ಸರ್, ಉಪ್ಪಿನಕಾಯಿಯಾ?" ಎಂದು ಕೇಳಿದಳು.

"ನಲವತ್ತೆರಡು ಉಳಿದಿವೆ. ಎಲ್ಲವೂ ಸುಸಂಸ್ಕೃತ. ಲ್ಯಾಮಿನೇಶನ್ ಮಾಡಿಸಿ ತಂದಿದ್ದೇನೆ, ಒದ್ದೆಯಾಗುವುದಿಲ್ಲ."

"ನಂಗೆ ಓದ್ಲಿಕ್ಕೆ ಬರುದಿಲ್ಲ."

"ತಾಂಡೇಲರು ಓದಿ ಹೇಳುತ್ತಾರೆ. ನೀವು ಅದನ್ನೇ ಜೋರಾಗಿ ಹೇಳಿದರೆ ಆಯಿತು. ನೋಡಿ ಸಂಕಮ್ಮನವರೇ, ಇವತ್ತಿನ ಯಾನ ಈ ಪಟ್ಟಿಯ ಪ್ರಕಾರ ನಡೆದರೆ ನೀವು ಹಡಗಿನಲ್ಲಿ ಮುಂದುವರಿಯಬಹುದು. ಪಟ್ಟಿಯ ಹೊರಗಿನ ಒಂದೇ ಒಂದು ಮಾತು ಮಕ್ಕಳ ಕಿವಿಗೆ ಬಿದ್ದರೂ ಇದೇ ನಿಮ್ಮ ಕೊನೆಯ ಯಾನ. ನನ್ನ ಕೈಯಲ್ಲಿ ಏನೂ ಇಲ್ಲ."

ಅವರ ಕೈಯಲ್ಲಿ ಪಟ್ಟಿ ಇತ್ತು. ಅದನ್ನು ನನಗೆ ಕೊಟ್ಟು, ಮಕ್ಕಳ ಬಸ್ಸು ಬಂತೇ ಎಂದು ನೋಡಲು ಹೋದರು. ತಾಂಡೇಲ ಅಂದರೆ ನಾನೇ, ಚುಕ್ಕಾಣಿ ಹಿಡಿಯುವ ದೂಮಣ್ಣ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ದಿನಸಿ ಕಟ್ಟಿದ ಪೊಟ್ಟಣದ ಕಾಗದವನ್ನೂ ಬಿಡದೆ ಓದಿದವನು. ಆದರೆ ಅಂಥ ಪಟ್ಟಿಯನ್ನು ಜನ್ಮದಲ್ಲಿ ಓದಿರಲಿಲ್ಲ. ಒಂದನೆಯದು: 'ಎಲೈ ಮಾರುತನೇ, ನಿನ್ನ ವಿಳಂಬವು ಖಂಡನೀಯ.' ಒಂಬತ್ತನೆಯದು: 'ನಿನ್ನ ನಡವಳಿಕೆಯು ಶೋಭೆ ತರುವಂಥದ್ದಲ್ಲ.' ಇಪ್ಪತ್ತಮೂರನೆಯದು: 'ದಯವಿಟ್ಟು ಆತ್ಮಾವಲೋಕನ ಮಾಡಿಕೋ.' ಕೊನೆಯದು 'ನಿನಗೆ ನಾಚಿಕೆಯಾಗಬೇಕು', ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, 'ಒಂದು ಯಾನದಲ್ಲಿ ಎರಡು ಸಲಕ್ಕಿಂತ ಹೆಚ್ಚು ಬಳಸಬಾರದು.' ಇದನ್ನು ಬರೆಯಲು ಏಳು ಜನ ವಿದ್ವಾಂಸರು ಮೂರು ಸಲ ಸಭೆ ಸೇರಿದ್ದರಂತೆ. ಇಂಥ ಮಾತಿಗೆ ನಮ್ಮೂರಲ್ಲಿ ಸೊಳ್ಳೆ ಕೂಡ ಏಳುವುದಿಲ್ಲ.

ನಮ್ಮೂರಲ್ಲಿ ಗಾಳಿ ಬೈದರೆ ಮಾತ್ರ ಬರುವುದು. ಬಟ್ಟೆ ಒಣಹಾಕಿದ ಹೆಂಗಸು ಕೊನೆಯ ಕ್ಲಿಪ್ಪು ಸಿಕ್ಕಿಸಿದ ಮೇಲೆ ಸೊಂಟಕ್ಕೆ ಕೈಯಿಟ್ಟು, "ಎಲ್ಲಿ ಹೋಗಿ ಸತ್ತೆಯಾ?" ಎಂದು ಆಕಾಶಕ್ಕೆ ಕೇಳುತ್ತಾಳೆ. ಆಗ ಒಂದು ಸೀರೆ ಅಲ್ಲಾಡುವಷ್ಟು ಗಾಳಿ ಬರುತ್ತದೆ. ಹೊರಗಿನಿಂದ ಮದುವೆಯಾಗಿ ಬಂದ ಸೊಸೆಯಂದಿರು ಮೊದಲ ತಿಂಗಳು ನಾಚಿಕೊಂಡು ಹಸಿ ಬಟ್ಟೆಯನ್ನೇ ಉಡುತ್ತಾರೆ, ಎರಡನೇ ತಿಂಗಳಿಗೆ ಬಾಯಿ ಬರುತ್ತದೆ. ಮಳೆಗಾಲದಲ್ಲಿ ಯಾರ ಮನೆಯಲ್ಲೂ ಬಟ್ಟೆ ಒಣಗದೆ ಊರಿಗೆ ಊರೇ ಒಟ್ಟಿಗೆ ಬೈದು ಗಾಳಿ ಅತಿಯಾದರೆ, ಅದೇ ಜನ ಜಗಲಿಯಲ್ಲಿ ನಿಂತು, "ನಿನ್ನಂಥ ಒಳ್ಳೆಯವ ಉಂಟಾ ಮಾರಾಯ" ಎಂದು ಹೊಗಳಿ ಅದನ್ನು ಮಲಗಿಸುತ್ತಾರೆ. ಹೊಗಳಿಕೆ ಕೇಳಿದರೆ ಗಾಳಿಗೆ ಜೊಂಪು.

ಆದರೆ ಹಾಯಿ ತುಂಬುವಷ್ಟು ಗಾಳಿ ಬೇಕಾದರೆ ಮನೆಯ ಬೈಗುಳ ಸಾಲದು. ಅದಕ್ಕೆ ಬೈಗಾರ್ತಿಯೇ ಬೇಕು. ಒಮ್ಮೆ ಬೈದದ್ದಕ್ಕೆ ಗಾಳಿ ಮತ್ತೆ ಬರುವುದಿಲ್ಲ, ದಿನವೂ ಹೊಸತು ಬೇಕು, ಬೈದದ್ದು ತಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬೈಗಾರ್ತಿಯಾದವಳು ಗಾಳಿಯನ್ನು ಯಾವತ್ತೂ ಹೊಗಳಬಾರದು. ಹೊಗಳಿದ ಬಾಯಿಯ ಬೈಗುಳವನ್ನು ಗಾಳಿ ಮತ್ತೆಂದೂ ನಂಬುವುದಿಲ್ಲ. ಸಂಕಮ್ಮಕ್ಕನಿಗಿಂತ ಮುಂಚೆ ಕೊರಗಪ್ಪ ಅಂತ ಒಬ್ಬ ಬೈಗಾರನಿದ್ದ. ಸಿಂಹದಂಥ ಬಾಯಿ. ಒಂದು ಸೆಕೆಯ ಸಂಜೆ ಅಂಗಿ ಬಿಚ್ಚಿ ಕಡಲತಡಿಯ ಹೊಯಿಗೆಯಲ್ಲಿ ಮಲಗಿದ್ದಾಗ ಮೈಮರೆತು "ಆಹಾ, ಎಷ್ಟು ತಂಪು" ಅಂದುಬಿಟ್ಟ. ಅಷ್ಟೇ. ಮರುದಿನ ಗಂಟಲು ಹರಿಯುವವರೆಗೆ ಬೈದರೂ ಒಂದು ಎಲೆ ಅಲ್ಲಾಡಲಿಲ್ಲ. ಆಮೇಲೆ ಸಾಯುವವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಎಳನೀರು ಮಾರಿದ.

ಸಂಕಮ್ಮಕ್ಕ ಹತ್ತೊಂಬತ್ತನೇ ವಯಸ್ಸಿಗೆ ದೋಣಿ ಹತ್ತಿದವಳು. ಅವಳಿಗೆ ನಲವತ್ತಾದಾಗ ಎಂಜಿನ್ ಬೋಟು ಬಂತು. ಎಂಜಿನ್ನಿಗೆ ಡೀಸೆಲ್ ಸಾಕು, ಬೈಗುಳ ಬೇಡ. ಇಪ್ಪತ್ತೈದು ವರ್ಷ ಅವಳು ಮನೆಯಲ್ಲಿ ಕೂತಳು. ಆ ಕಾಲದ ಬಗ್ಗೆ ಕೇಳಿದರೆ ಒಂದೇ ಮಾತು: "ಗಂಡ ಸಾಧು. ಮಗ ಸಾಧು. ಸೊಸೆ ಅದಕ್ಕಿಂತ ಸಾಧು. ಯಾರಿಗೆ ಬೈಯುದು ಹೇಳು? ನನ್ನ ನಾಲಿಗೆಗೆ ತುಕ್ಕು ಹಿಡಿದು ಅನ್ನದ ರುಚಿ ಕೂಡ ಗೊತ್ತಾಗ್ತಿರಲಿಲ್ಲ." ಆರು ವರ್ಷದ ಹಿಂದೆ ಈ ಶಾಲೆಹಡಗು ಬಂದಮೇಲೆಯೇ ಅವಳಿಗೆ ಮತ್ತೆ ಹಸಿವಾಗತೊಡಗಿದ್ದು. ಈಗ ಎಪ್ಪತ್ತೊಂದು. ಯಾನವಿದ್ದ ದಿನ ಬೆಳಿಗ್ಗೆ ಏಳು ಕಡುಬು ತಿನ್ನುತ್ತಾಳೆ.

ಹಡಗಿನ ವಿಚಾರವನ್ನೂ ಹೇಳಬೇಕು. ಅದರ ಮೇಲೆ ಬಣ್ಣದಲ್ಲಿ ಬರೆದ ಹೆಸರು 'ಪಾರಂಪರಿಕ ವಿದ್ಯಾನೌಕೆ'. ನಾನೂರು ವರ್ಷದ ಹಿಂದೆ ಇಲ್ಲಿಂದ ಮೆಣಸು ಹೊತ್ತು ಹೋಗುತ್ತಿದ್ದ ಹಡಗಿನ ತದ್ರೂಪ ಎಂದು ಫಲಕದಲ್ಲಿ ಬರೆದಿದೆ. ಆ ಹಡಗನ್ನು ನೋಡಿದವರು ಯಾರೂ ಉಳಿದಿಲ್ಲವಾದ್ದರಿಂದ ಸಮಿತಿಯವರು ಒಂದು ಹಳೆಯ ಚಿತ್ರ ಹಿಡಿದುಕೊಂಡು ಮಾಡಿಸಿದರು. ಚಿತ್ರ ಬರೆದ ಪುಣ್ಯಾತ್ಮನಿಗೆ ಕಾಗದದಲ್ಲಿ ಜಾಗ ಸಾಲದೆ ಹಾಯಿಕಂಬವನ್ನು ಹಿಂದಕ್ಕೆ ತಳ್ಳಿ ಬರೆದಿದ್ದ. ನಮ್ಮೂರ ಬಡಗಿ, "ಕಂಬ ಇಲ್ಲಿಟ್ರೆ ಹಡಗು ಎಮ್ಮೆಯ ಹಾಗೆ ತಿರುಗಿ ನಿಲ್ತದೆ" ಎಂದು ಬೇಡಿಕೊಂಡ. "ಪರಂಪರೆಯನ್ನು ತಿದ್ದಲು ನೀವು ಯಾರು?" ಎಂದು ಸಮಿತಿ ಕೇಳಿತು. ಹಾಗಾಗಿ ಆರು ವರ್ಷದಿಂದ ನಾನು ಚುಕ್ಕಾಣಿಯನ್ನು ಬಲಕ್ಕೆ ಒತ್ತಿ ಹಿಡಿದೇ ಹಡಗನ್ನು ನೇರ ಓಡಿಸುತ್ತಿದ್ದೇನೆ. ನನ್ನ ಬಲತೋಳು ಎಡತೋಳಿಗಿಂತ ದಪ್ಪವಾಗಿದೆ. ಅದೂ ಪರಂಪರೆಯೇ ಇರಬೇಕು.

ಹಡಗಿನಲ್ಲಿ ನಾವು ನಾಲ್ವರು: ನಾನು, ಸಂಕಮ್ಮಕ್ಕ, ಹಾಯಿಯ ಐತಪ್ಪ ಮತ್ತು ಫೆಲಿಕ್ಸ್. ದಡದಲ್ಲಿ ನಮ್ಮ ಬಾಯಿ ಕೇಳಬಾರದು. ಹಡಗು ಹತ್ತಿದ ಮೇಲೆ ಮಾತ್ರ ನಮ್ಮಷ್ಟು ಮರ್ಯಾದಸ್ಥರು ಲೋಕದಲ್ಲಿಲ್ಲ. ನೀರಿನ ಮೇಲೆ ಒಬ್ಬ ಇನ್ನೊಬ್ಬನಿಗೆ ಬೈದರೆ ಗಾಳಿ ಅದನ್ನು ತನಗೇ ಬೈದದ್ದು ಎಂದು ತಿಳಿದುಕೊಂಡು ಬರುತ್ತದೆ, ಬೇಡದ ಕಡೆಯಿಂದ, ಬೇಡದ ಹೊತ್ತಿಗೆ. ಗಾಳಿಗೆ ಯಾರಿಗೆ ಬೈದದ್ದು ಅಂತ ಗೊತ್ತಾಗುವುದಿಲ್ಲ, ಎಂಥ ಮನಸ್ಸಿನಿಂದ ಬೈದದ್ದು ಅಂತ ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ಐತಪ್ಪ ಫೆಲಿಕ್ಸನ ಕಾಲು ತುಳಿದರೂ ಫೆಲಿಕ್ಸ್ ಹಲ್ಲು ಕಚ್ಚಿಕೊಂಡು, "ಐತಪ್ಪ ರಾಯರೇ, ತಮ್ಮ ಪಾದವು ನನ್ನ ಬೆರಳಿನ ಮೇಲೆ ಉಂಟು" ಎನ್ನುತ್ತಾನೆ. ವಾಗೀಶ ಸರ್ ಬಂದ ಮೊದಲ ವಾರವೇ ಇದನ್ನು ಕೇಳಿ ಪುಳಕಿತರಾಗಿ, 'ಪ್ರಾಚೀನ ನಾವಿಕರ ವಿನಯ' ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದರು. ಯಾಕೆ ಅಂತ ಕೇಳಲಿಲ್ಲ. ಹಡಗಿನ ಉಸ್ತುವಾರಿಗೆ ಸಮಿತಿ ಕಳಿಸಿದವರು, ದೊಡ್ಡ ಊರಿನಿಂದ ಬಂದವರು, ಎಲ್ಲ ಗೊತ್ತಿರುವವರು. ಗಾಳಿಯ ವಿಷಯವನ್ನು ಅವರು 'ಜಾನಪದ ನಂಬಿಕೆ' ಎಂದು ಇನ್ನೊಂದು ಪುಟದಲ್ಲಿ ಹಾಕಿಸಿದ್ದರು. ಸಂಕಮ್ಮಕ್ಕ ಬೈದೊಡನೆ ಹಾಯಿ ತುಂಬಿದ್ದನ್ನು ಆರು ತಿಂಗಳು ಕಣ್ಣಾರೆ ನೋಡಿಯೂ "ಕಾಕತಾಳೀಯ" ಎನ್ನುತ್ತಿದ್ದರು.

ಪಟ್ಟಿ ಹುಟ್ಟಿದ್ದು ಒಂದು ದೂರಿನಿಂದ. ಹೋದ ತಿಂಗಳು ಸಂಕಮ್ಮಕ್ಕ ಗಾಳಿಗೆ, "ಏ ಉಂಡಾಡಿ, ಹಲಸಿನಹಣ್ಣು ತಿಂದು ಸೋಫಾದ ಮೇಲೆ ಬಿದ್ದ ಮಾವನ ಹಾಗೆ ಬಿದ್ದಿದ್ದೀಯಲ್ಲ! ಒಂದು ದೀಪ ಆರಿಸುವ ಯೋಗ್ಯತೆ ಉಂಟಾ ನಿಂಗೆ? ನಿನ್ನ ಬಾಯಿಗೆ ಬೂದಿ ಬೀಳ!" ಎಂದು ಬೈದಿದ್ದಳು. ಎಂಥ ಗಾಳಿ ಬಂತು ಅಂದರೆ ಒಂದೇ ಉಸಿರಿಗೆ ನಡುಸಮುದ್ರದ ಬಂಡೆ ಆನೆಕಲ್ಲಿನವರೆಗೆ ಹೋಗಿದ್ದೆವು. ಒಬ್ಬ ಹುಡುಗ ಅದನ್ನು ಬಾಯಿಪಾಠ ಮಾಡಿಕೊಂಡು ಹೋಗಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಎರಡು ಗಂಟೆ ಭಾಷಣ ಮಾಡಿದ ಮುಖ್ಯ ಅತಿಥಿಗೆ ಒಪ್ಪಿಸಿದನಂತೆ. ನನ್ನನ್ನು ಕೇಳಿದರೆ ಆ ಯಾನದಲ್ಲಿ ನಿಜವಾಗಿ ಏನಾದರೂ ಕಲಿತವನು ಅವನೊಬ್ಬನೇ.

ಅವತ್ತು ಬಸ್ಸಿನಿಂದ ಇಳಿದವರು ಎಂಟನೇ ಕ್ಲಾಸಿನ ಮೂವತ್ತೆಂಟು ಮಕ್ಕಳು. ಜೊತೆಗೆ ಪ್ರಫುಲ್ಲಾ ಟೀಚರು, ಕೈಯಲ್ಲಿ ಮೊಬೈಲು, ಎಲ್ಲವನ್ನೂ ರೆಕಾರ್ಡ್ ಮಾಡಿ ಸಮಿತಿಗೆ ಕೊಡಬೇಕೆಂದು ಅವರಿಗೆ ಹೇಳಲಾಗಿತ್ತು. ನಾವು ಮೂವರು ಗಂಡಸರು ಸಮಿತಿ ಕೊಟ್ಟ ಜರಿಯ ಪೇಟ ಸುತ್ತಿಕೊಂಡೆವು. ನಾನೂರು ವರ್ಷದ ಹಿಂದೆ ಮೆಣಸಿನ ಮೂಟೆ ಹೊರುವವನು ಜರಿಪೇಟ ಕಟ್ಟುತ್ತಿದ್ದನೇ ಎಂದು ಫೆಲಿಕ್ಸ್ ಒಮ್ಮೆ ಕೇಳಿದ್ದ. "ಮಕ್ಕಳ ಫೋಟೋಕ್ಕೆ ಚೆನ್ನಾಗಿರುತ್ತದೆ" ಎಂಬ ಉತ್ತರ ಬಂದಿತ್ತು.

ಹೊರಡಲು ತೊಂದರೆಯಾಗಲಿಲ್ಲ, ಯಾಕೆಂದರೆ ಬಸ್ಸು ಬರುವ ಮುಂಚೆಯೇ ಸಂಕಮ್ಮಕ್ಕ ಐಸ್ ಫ್ಯಾಕ್ಟರಿಯ ಹಿಂದೆ ಹೋಗಿ ಪಟ್ಟಿಯಲ್ಲಿಲ್ಲದ ನಾಲ್ಕು ಮಾತು ಹೇಳಿ ಬಂದಿದ್ದಳು. ಏನೆಂದಳೋ ಗೊತ್ತಿಲ್ಲ, ಐಸ್ ಒಡೆಯುವವರೆಲ್ಲ ಕೆಲಸ ನಿಲ್ಲಿಸಿ ಕೇಳಿದರಂತೆ. ಒಳ್ಳೆಯ ಗಾಳಿ. ಎರಡು ಗಂಟೆ ಹಡಗು ಸೊಗಸಾಗಿ ಓಡಿತು. ಮಕ್ಕಳು ಅಂಚಿಗೆ ಸಾಲಾಗಿ ನಿಂತು ಡಾಲ್ಫಿನ್ ಹುಡುಕಿದರು. ಸಂಕಮ್ಮಕ್ಕ ಮುಂದಿನ ಹಲಗೆಯ ಮೇಲೆ ಕೂತು, "ಇದು ಹೀಗೇ ಇದ್ರೆ ಆ ಪ್ಲಾಸ್ಟಿಕ್ ಹಾಳೆ ಮುಟ್ಟುವ ಕೆಲಸವೇ ಇಲ್ಲ ದೂಮಣ್ಣ ರಾಯರೇ" ಎಂದಳು. ಅವಳ ಮುಖದಲ್ಲಿ ಪರೀಕ್ಷೆ ಪಾಸಾದ ಹುಡುಗಿಯ ಕಳೆ ಇತ್ತು.

ಆನೆಕಲ್ಲಿನ ಹತ್ತಿರ ಬಂದಾಗ ವಾಗೀಶ ಸರ್ ಮೈಕ್ ಕೈಗೆತ್ತಿಕೊಂಡರು. "ಪ್ರಿಯ ವಿದ್ಯಾರ್ಥಿಗಳೇ, ಎಷ್ಟು ಆಹ್ಲಾದಕರವಾದ ತಂಗಾಳಿ ನೋಡಿ! ನಮ್ಮ ಪೂರ್ವಿಕರ ಮಿತ್ರ, ಉದಾರಿ, ಸಹೃದಯಿ ಈ ಮಂದಮಾರುತ..."

ನಾನು ಕೈಬೀಸಿದೆ. ಐತಪ್ಪ ಎರಡೂ ಕೈ ಮುಗಿದ. ಅವರು ಅದನ್ನು ಗೌರವ ಎಂದುಕೊಂಡು ಇನ್ನೂ ನಾಲ್ಕು ವಿಶೇಷಣ ಸೇರಿಸಿದರು. 'ಸಹೃದಯಿ'ಗೇ ಹಾಯಿ ಸುಕ್ಕುಗಟ್ಟಿತ್ತು, 'ಜೀವದಾಯಿ'ಗೆ ಜೋತುಬಿತ್ತು. ಹಡಗು ನಿಂತಿತು. ಸಮುದ್ರ ಎಣ್ಣೆ ಸುರಿದ ಹಾಗೆ ನುಣ್ಣಗಾಯಿತು.

ನಿಂತ ಹಡಗಿನಲ್ಲಿ ಸೆಕೆ, ಉಬ್ಬರದ ಮೆಲ್ಲನೆಯ ತೂಗಾಟ, ಬೆಳಿಗ್ಗೆ ತಿಂದ ಉಪ್ಪಿಟ್ಟು. ಕಾಲು ಗಂಟೆಯಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಅಂಚಿಗೆ ಬಾಗಿದರು. ವಾಗೀಶ ಸರ್ ಗಡಿಯಾರ ನೋಡಿ, "ಗಾಳಿ ಬರುವುದು ವಾಯುಭಾರದ ವ್ಯತ್ಯಾಸದಿಂದ. ಆದರೂ ಕಾರ್ಯಕ್ರಮದಲ್ಲಿ ಹನ್ನೊಂದಕ್ಕೆ ಬೈಗುಳದ ಪ್ರಾತ್ಯಕ್ಷಿಕೆ ಇದೆ. ಶುರುಮಾಡಿ," ಎಂದರು.

ನಾನು ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಪಟ್ಟಿ ಹಿಡಿದು ಓದಿದೆ. ಸಂಕಮ್ಮಕ್ಕ ಎದ್ದು ಸೆರಗು ಸಿಕ್ಕಿಸಿ ಸಮುದ್ರಕ್ಕೆ ಮುಖಮಾಡಿ ನಿಂತಳು.

"ಎಲೈ ಮಾರುತನೇ! ನಿನ್ನ ಇಳಂಬವು ಕಂಡನೀಯ!"

ಏನೂ ಇಲ್ಲ.

"ನಿನ್ನ ನಡವಳಿಕೆಯು... ಎಂತದು ರಾಯರೇ?"

"ಶೋಭೆ ತರುವಂಥದ್ದಲ್ಲ."

"ಶೋಬೆ ತರುವಂಥದ್ದಲ್ಲ! ಯಾರು ಇವಳು ಶೋಬೆ, ಇವ ಯಾಕೆ ತರ್ಬೇಕು ಅವಳನ್ನು?"

ಮಕ್ಕಳು ನಕ್ಕರು. ಆದರೆ ಅವಳು ತಮಾಷೆ ಮಾಡುತ್ತಿರಲಿಲ್ಲ. ನಾನು ಅವಳ ಬೆನ್ನನ್ನು ನೋಡುತ್ತಿದ್ದೆ. ಒಂದೊಂದು ಸಾಲಿಗೂ ಅವಳು ಮೈಯಲ್ಲಿದ್ದ ಬಲವನ್ನೆಲ್ಲ ಸೇರಿಸಿ ಆ ಸತ್ತ ಮಾತುಗಳನ್ನು ಎಬ್ಬಿಸಲು ನೋಡುತ್ತಿದ್ದಳು, ಮುಳುಗಿದವನ ಎದೆ ಒತ್ತಿ ಒತ್ತಿ ಉಸಿರು ತರಿಸುವ ಹಾಗೆ. ಹದಿನೇಳನೆಯದು, 'ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ.' ಅದನ್ನು ಅವಳು ಕಿರುಚಲಿಲ್ಲ. ಮೆಲ್ಲಗೆ, ಮನೆಗೆ ತಡವಾಗಿ ಬಂದ ಮಗನಿಗೆ ತಟ್ಟೆ ಹಾಕುತ್ತಾ ಹೇಳಿದ ಹಾಗೆ ಹೇಳಿದಳು. ಕಂಬದ ತುದಿಯ ಬಾವುಟ ಎದ್ದಿತು. ಹಾಯಿಯ ಅಂಚು ಮಿಸುಕಿತು. ಹಡಗು ಒಂದು ಮಾರು ಮುಂದಕ್ಕೆ ಹೋಯಿತೆಂದು ನಾನು ಆಣೆ ಮಾಡಿ ಹೇಳಬಲ್ಲೆ.

"ಸೂಪರ್ ಅಜ್ಜಿ!" ಎಂದು ಶ್ರಾವ್ಯ ಎಂಬ ಹುಡುಗಿ ಕಿರುಚಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಪ, ಮಕ್ಕಳು ಹೊಗಳಿದ್ದು ಅಜ್ಜಿಯನ್ನು. ಗಾಳಿ ತನ್ನನ್ನೇ ಎಂದುಕೊಂಡು ಮತ್ತೆ ಮಲಗಿತು.

ನಲವತ್ತೆರಡೂ ಮುಗಿದವು. 'ನಾಚಿಕೆಯಾಗಬೇಕು' ಎಂಬುದನ್ನು ನಿಯಮದಂತೆ ಎರಡೇ ಸಲ ಬಳಸಿದಳು. ಸಂಕಮ್ಮಕ್ಕ ತಿರುಗಿ, "ಸರ್, ಒಂದು ಮಾತು, ಒಂದೇ ಒಂದು, ನಂದು ಹೇಳ್ಲಾ? ಮಕ್ಕಳು ಕಿವಿ ಮುಚ್ಚಿಕೊಳ್ಳಲಿ," ಎಂದು ಕೇಳಿದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಯಾರನ್ನಾದರೂ ಏನನ್ನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ.

ವಾಗೀಶ ಸರ್ ಮುಖ ಬಿಸಿಲಿಗೆ ಕೆಂಪಾಗಿತ್ತು. ಅವರ ಬೂಟಿನ ಮೇಲೆ ಯಾವುದೋ ಮಗುವಿನ ಉಪ್ಪಿಟ್ಟು ಇತ್ತು. "ಬೇಕಂತಲೇ ಮಾಡುತ್ತಿದ್ದೀರಿ," ಎಂದರು.

"ಇಲ್ಲ ಸರ್. ದೇವರಾಣೆ."

"ಬೇಕಂತಲೇ! ಏಳು ಜನ ವಿದ್ವಾಂಸರು ಕೂತು ಬರೆದದ್ದನ್ನು ಹಾಳು ಮಾಡಬೇಕು ಅಂತಲೇ..."

"ಸರ್, ನೀರಿನ ಮೇಲೆ ಬೇಡ," ಎಂದೆ ನಾನು. "ದಯವಿಟ್ಟು. ದಡಕ್ಕೆ ಹೋದ ಮೇಲೆ ಬೈಯಿರಿ, ಒಂದು ದಿನವಿಡೀ ಬೈಯಿರಿ, ನಾನೇ ಕುರ್ಚಿ ಹಾಕಿಕೊಡ್ತೇನೆ."

"ನೀವು ಬಾಯಿ ಮುಚ್ಚಿ! ನಿಮ್ಮಂಥವರನ್ನು ಹಡಗಿಗೆ ಹತ್ತಿಸಿದ್ದೇ ತಪ್ಪು. ಮೀನುಬುಟ್ಟಿಯ ಬಾಯಿಗೆ ಭಾಷೆ ಕಲಿಸಲು ಹೊರಟೆವಲ್ಲ, ನಮಗೆ ಬುದ್ಧಿ ಇಲ್ಲ. ಅಕ್ಷರ ಇಲ್ಲ, ಸಂಸ್ಕಾರ ಇಲ್ಲ, ಯಾವುದಕ್ಕೂ ಬಾರದ ಹೊಲಸು ಜನ! ನೀವು ಇದ್ದರೆಷ್ಟು, ಹೋದರೆಷ್ಟು!"

ಬೈಗುಳವನ್ನೇ ಕೇಳಿ ಬೆಳೆದವರು ನಾವು. ಸಂಕಮ್ಮಕ್ಕನ ಬೈಗುಳದಲ್ಲಿ ಒಂದು ದಿನವೂ ತಿರಸ್ಕಾರ ಇರಲಿಲ್ಲ. ಏಳದ ತಮ್ಮನ ಹೊದಿಕೆ ಎಳೆಯುವ ಅಕ್ಕನ ಬೈಗುಳ ಅದು. ಇದು ಬೇರೆಯೇ. ಐತಪ್ಪ ಹಗ್ಗ ಬಿಟ್ಟು ನನ್ನನ್ನು ನೋಡಿದ. ಎಲ್ಲರಿಗೂ ಗೊತ್ತಾಗಿತ್ತು, ವಾಗೀಶ ಸರ್ ಒಬ್ಬರನ್ನು ಬಿಟ್ಟು.

ಗಾಳಿ ಪಡುವಣದಿಂದ ಬಂತು. ಬರುವ ಮುಂಚೆ ಸಮುದ್ರದ ಮೇಲೆ ಒಂದು ಕಪ್ಪು ಗೆರೆ ಕಂಡಿತು, ಗೆರೆ ಓಡುತ್ತಾ ಬಂತು, ಆಮೇಲೆ ಹಾಯಿ ಡಬ್ ಎಂದು ತುಂಬಿ ಹಡಗು ಮಗ್ಗುಲಾಯಿತು.

"ನೋಡಿದಿರಾ!" ವಾಗೀಶ ಸರ್ ಕಂಬ ತಬ್ಬಿಕೊಂಡು ಕೂಗಿದರು. "ಪಟ್ಟಿ ಕೆಲಸ ಮಾಡಿತು! ಸ್ವಲ್ಪ ತಡವಾಯಿತು, ಅಷ್ಟೇ! ಟೀಚರ್, ರೆಕಾರ್ಡ್ ಮಾಡಿ!"

ಟೀಚರು ರೆಕಾರ್ಡ್ ಮಾಡುವ ಸ್ಥಿತಿಯಲ್ಲಿರಲಿಲ್ಲ, ಎರಡು ಕಂಕುಳಲ್ಲೂ ಎರಡೆರಡು ಮಕ್ಕಳನ್ನು ಅವುಚಿಕೊಂಡು ಹಡಗಿನ ನೆಲದ ಮೇಲೆ ಕೂತಿದ್ದರು. ಐತಪ್ಪನೂ ಫೆಲಿಕ್ಸನೂ ಹಾಯಿ ಇಳಿಸಲು ಓಡಿದರು. ಅಡ್ಡಮರ ಬಿರಿದು ಹಗ್ಗ ಸಿಕ್ಕಿಕೊಂಡಿತ್ತು. ಹಾಯಿ ಇಳಿಯಲಿಲ್ಲ. ತಪ್ಪು ಜಾಗದಲ್ಲಿ ನಿಲ್ಲಿಸಿದ ಕಂಬ ಈಗ ತನ್ನ ಗುಣ ತೋರಿಸಿತು. ಹಡಗು ನನ್ನ ಮಾತು ಕೇಳದೆ ತಿರುಗಿ, ನೆಟ್ಟಗೆ ಆನೆಕಲ್ಲಿನ ಕಡೆಗೆ ಮೂತಿ ಮಾಡಿತು. ನಾನು ಚುಕ್ಕಾಣಿಗೆ ಎದೆಕೊಟ್ಟು ಒತ್ತಿದೆ. ಬೇರುಬಿಟ್ಟ ಮರವನ್ನು ಒತ್ತಿದ ಹಾಗಿತ್ತು.

ನಾವು ಹೊಗಳಲು ಶುರುಮಾಡಿದೆವು. "ಗಾಳಿರಾಯರೇ, ತಮ್ಮಂಥ ದೊಡ್ಡವರು ಯಾರಿದ್ದಾರೆ!" ಎಂದು ಐತಪ್ಪ. "ನೀವೇ ತಂದೆ, ನೀವೇ ತಾಯಿ!" ಎಂದು ಫೆಲಿಕ್ಸ್. ನಮ್ಮ ಹೊಗಳಿಕೆಯಲ್ಲಿ ಹೆದರಿಕೆ ಇತ್ತು, ಗಾಳಿಗೆ ಅದರ ವಾಸನೆ ಗೊತ್ತು. ಕೊನೆಗೆ ವಾಗೀಶ ಸರ್‌ಗೂ ಏನೋ ಹೊಳೆದಿರಬೇಕು, "ಮಾನ್ಯ ವಾಯುದೇವರು ತಮ್ಮ ಅಮೂಲ್ಯ ಸಮಯವನ್ನು ನಮಗಾಗಿ..." ಎಂದು ಶುರುಮಾಡಿದರು. ಗಾಳಿ ಮೈಕನ್ನು ಅವರ ಕೈಯಿಂದ ಕಿತ್ತು ಸಮುದ್ರಕ್ಕೆ ಎಸೆಯಿತು. ಅವತ್ತು ಗಾಳಿ ಮಾಡಿದ್ದರಲ್ಲಿ ನನಗೆ ಒಪ್ಪಿಗೆಯಾದದ್ದು ಅದೊಂದೇ.

ಸಂಕಮ್ಮಕ್ಕ ಹಗ್ಗ ಹಿಡಿದು ನನ್ನ ಹತ್ತಿರ ತೆವಳಿ ಬಂದಳು.

"ಕಲ್ಲಿಗೆ ಎಷ್ಟು ದೂರ ರಾಯರೇ?"

"ಹತ್ತು ತೆಂಗಿನಮರದಷ್ಟು ಇರಬಹುದು."

"ಚುಕ್ಕಾಣಿ ಮಾತು ಕೇಳುದಿಲ್ವಾ?"

"ಕೇಳುದಿಲ್ಲ ಅಕ್ಕ."

ಅವಳು ನನ್ನನ್ನು ನೋಡಿದಳು. ನಾನು ಬೇಡ ಅನ್ನುತ್ತೇನೋ ಎಂದು ಕಾದಳು ಅಂತ ಈಗ ನನಗೆ ಅನ್ನಿಸುತ್ತದೆ. ನಾನು ಅನ್ನಲಿಲ್ಲ. ಮೂವತ್ತೆಂಟು ಮಕ್ಕಳು ಒಂದೇ ದನಿಯಲ್ಲಿ ಅಳುತ್ತಿದ್ದರು.

ಅವಳು ಎದ್ದು ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಬಾಯಿಯ ಎಲೆಯಡಿಕೆಯನ್ನು ಉಗುಳಿ ಸೆರಗಿನಿಂದ ತುಟಿ ಒರೆಸಿಕೊಂಡಳು. ಕೂಗಲಿಲ್ಲ. ಆದರೂ ನನಗೆ ಕೇಳಿಸಿತು.

"ಎಷ್ಟು ಒಳ್ಳೆಯವ ನೀನು," ಎಂದಳು. "ಹತ್ತೊಂಬತ್ತು ವರ್ಷದ ಹುಡುಗಿ ನಾನು, ಬಾಯಿಗೆ ಬಂದ ಹಾಗೆ ಬೈದೆ. ಒಂದು ದಿನ ತಿರುಗಿ ಮಾತಾಡಿದ್ದೀಯಾ? ನನ್ನ ಗಂಡನನ್ನು ಎಷ್ಟು ಸಲ ಕರ್ಕೊಂಡು ಹೋದಿ, ಅಷ್ಟೂ ಸಲ ತಂದು ಅಂಗಳಕ್ಕೆ ಬಿಟ್ಟಿ. ಮಗಳು ಹುಟ್ಟಿದ ವರ್ಷ ಮೀನು ಒಣಗಬೇಕು ಅಂತ ಒಂದೇ ಸಲ ಬೈದದ್ದು, ನಾಲ್ಕು ದಿನ ಬಿಡದೆ ಬೀಸಿದಿ, ನಿದ್ದೆ ಮಾಡದೆ. ಇಪ್ಪತ್ತೈದು ವರ್ಷ ನಾನು ಕರೀಲಿಲ್ಲ. ಕರೆದ ದಿನ ಬಂದಿ, ಎಲ್ಲಿದ್ದಿ ಇಷ್ಟು ದಿನ ಅಂತ ಕೇಳ್ಲಿಲ್ಲ. ನಿನ್ನಷ್ಟು ಒಳ್ಳೆಯವ ನಂಗೆ ಯಾರೂ ಸಿಗಲಿಲ್ಲ. ಈಗ ಬೈದದ್ದು ನಿಂಗಲ್ಲ ಮಗಾ. ನಮಗೆ. ನೀನು ಮಲಗು."

ಹಾಯಿ ಮೆಲ್ಲನೆ ಸಡಿಲವಾಯಿತು. ಚುಕ್ಕಾಣಿ ನನ್ನ ಕೈಗೆ ಬಂತು. ಆನೆಕಲ್ಲು ಎಷ್ಟು ಹತ್ತಿರವಿತ್ತೆಂದರೆ ಅದಕ್ಕೆ ಕಚ್ಚಿದ್ದ ಚಿಪ್ಪುಗಳನ್ನು ಮಕ್ಕಳು ಎಣಿಸಬಹುದಿತ್ತು. ಉಳಿದ ಓಟದಲ್ಲೇ ಹಡಗನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ ಲಂಗರು ಹಾಕಿಸಿದೆ.

ಆಮೇಲೆ ಸಂಕಮ್ಮಕ್ಕ, ನಮಗೆ ಬೆನ್ನು ಹಾಕಿ, ಸಮುದ್ರದ ಕಡೆಗೆ, "ಏಳಾ ಸೋಮಾರಿ," ಎಂದಳು. ಸ್ವಲ್ಪ ತಡೆದು, "ಏಳಾ, ಹೊಟ್ಟೆಗೆ ಹಿಟ್ಟಿಲ್ಲದವನ ಹಾಗೆ ಬಿದ್ದಿದ್ದೀಯಲ್ಲ, ನಿಂಗೆ ದೊಡ್ಡರೋಗ ಬರ," ಎಂದಳು. ಅವಳ ಪಕ್ಕದಲ್ಲಿ ನಿಂತಿದ್ದ ಶ್ರಾವ್ಯಳ ಹಣೆಯ ಮೇಲಿನ ಒಂದು ಕೂದಲೂ ಅಲ್ಲಾಡಲಿಲ್ಲ. ಬೈಗುಳ ಚೆನ್ನಾಗಿಯೇ ಇತ್ತು. ಆದರೆ ನಮಗೂ ನಂಬಿಕೆ ಬರಲಿಲ್ಲ.

ಪ್ರಫುಲ್ಲಾ ಟೀಚರ ಮೊಬೈಲಿನಿಂದ ಐತಪ್ಪ ಧಕ್ಕೆಗೆ ಫೋನು ಮಾಡಿದ. ಒಂದು ಎಂಜಿನ್ ಬೋಟು ಟಟಟಟ ಎಂದು ಹೊಗೆ ಉಗುಳುತ್ತಾ ಬಂತು. ಅದರಲ್ಲಿದ್ದವನು ನಮ್ಮ ಜರಿಪೇಟಗಳನ್ನು ನೋಡಿ, "ಎಂತ, ದಿಬ್ಬಣ ಅರ್ಧದಾರಿಯಲ್ಲಿ ನಿಂತಿತಾ?" ಎಂದು ಕೇಳಿ ಹಗ್ಗ ಎಸೆದ. ಅವನಿಗೆ ಎಂಜಿನ್ನಿದೆ, ಬೇಕಾದ್ದು ಮಾತಾಡಬಹುದು.

ಹಗ್ಗ ಕಟ್ಟುವಷ್ಟರಲ್ಲಿ ವಾಗೀಶ ಸರ್ ಬಟ್ಟೆ ಸರಿಪಡಿಸಿಕೊಂಡು, ಬೂಟು ಒರೆಸಿಕೊಂಡು, ಸಂಕಮ್ಮಕ್ಕನ ಹಲಗೆಯ ಹತ್ತಿರ ಬಂದರು. ಕ್ಷಮೆ ಕೇಳುತ್ತಾರೆ ಎಂದುಕೊಂಡೆ. ಮನುಷ್ಯರ ಬಗ್ಗೆ ನನಗೆ ಇನ್ನೂ ಅಂಥ ಆಸೆಗಳಿವೆ.

"ಸಂಕಮ್ಮನವರೇ, ನಡೆದದ್ದು ನಡೆಯಿತು. ಆದರೆ ನೀ‌ವು ಕೊನೆಯಲ್ಲಿ ಹೊಗಳಿದಿರಲ್ಲ, ಅದು ಅದ್ಭುತವಾಗಿತ್ತು. ಭಾಷೆ ಶುದ್ಧ, ಭಾವನೆ ಶುದ್ಧ, ಒಂದು ಆಕ್ಷೇಪಾರ್ಹ ಪದ ಇಲ್ಲ. ಮುಂದಿನ ಯಾನದಿಂದ ಈ ಬೈಗುಳದ ತಲೆನೋವೇ ಬೇಡ. ಅದನ್ನೇ ಇಟ್ಟುಕೊಳ್ಳೋಣ. ನಾನು ಸಮಿತಿಗೆ ಬರೆಯುತ್ತೇನೆ. ನಿಮ್ಮ ಜಾಗ ಗಟ್ಟಿ."

ಸಂಕಮ್ಮಕ್ಕ ಅವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಐವತ್ತು ವರ್ಷದ ಸರಕು ಅವಳ ಗಂಟಲಿನವರೆಗೆ ಬಂದು ನಿಂತದ್ದು ನನಗೆ ಕಾಣಿಸಿತು. ಆದರೆ ಅದು ನೀರಿನ ಮೇಲೆ. ಅವಳು ನುಂಗಿಕೊಂಡಳು.

"ಆಗಬಹುದು ಸರ್," ಎಂದಳು. "ಹಾಗೆ ಮಾಡುದಾದ್ರೆ ಹಡಗನ್ನು ಧಕ್ಕೆಯಲ್ಲೇ ಕಟ್ಟಿ ಇಡಿ. ಮಕ್ಕಳಿಗೆ ವಾಂತಿಯೂ ಆಗುದಿಲ್ಲ."

"ಒಳ್ಳೆಯ ಸಲಹೆ," ಎಂದು ವಾಗೀಶ ಸರ್ ಕಿಸೆಯಿಂದ ಪೆನ್ನು ತೆಗೆದರು.

ಎಂಜಿನ್ ಬೋಟು ಮುಂದಕ್ಕೆ ಹೋಗಿ ಹಗ್ಗ ಬಿಗಿಯಾಯಿತು. ಐತಪ್ಪ ಸಿಕ್ಕು ಬಿಡಿಸಿ ಹಾಯಿಯನ್ನು ಕೆಳಗಿಳಿಸಿದ. ನೆನೆದು ಭಾರವಾಗಿದ್ದ ಅದನ್ನು ಅವನೂ ಫೆಲಿಕ್ಸನೂ ಆಚೀಚೆ ಹಿಡಿದು ಮಡಚಲು ನೋಡುತ್ತಿದ್ದರು, ಒಂದು ಮೂಲೆ ನೆಲದಲ್ಲಿ ಎಳೆಯುತ್ತಿತ್ತು. ಸಂಕಮ್ಮಕ್ಕ ತನ್ನ ಹಲಗೆಯಿಂದ ಎದ್ದು ಬಂದಳು. ಬೈಗಾರ್ತಿಯಾದವಳು ಹಾಯಿ ಮುಟ್ಟುವ ಪದ್ಧತಿ ಇಲ್ಲ. ಅವಳು ಬಗ್ಗಿ ಆ ಮೂಲೆಯನ್ನು ಎತ್ತಿ, ನೀರು ಹಿಂಡಿ, ಫೆಲಿಕ್ಸನ ಕೈಯಲ್ಲಿದ್ದ ಮೂಲೆಗೆ ಸೇರಿಸಿ ಹಿಡಿದಳು. ಫೆಲಿಕ್ಸ್ ಸ್ವಲ್ಪ ಸರಿದು ಜಾಗ ಕೊಟ್ಟ.